ಗುಳ್ಳೆ ನೋಡುವ ಕೆಲಸ

ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಗುಳ್ಳೆ ನೋಡಿದವಳು. ಹೀಗೆಂದ ಕೂಡಲೇ ಎದುರಿಗಿರುವವರು ತೋಳು ಮಡಚಿ ಮೊಣಕೈ ಮುಂದೆ ಚಾಚುತ್ತಾರೆ. ನೀವೂ ಚಾಚಬೇಡಿ. ನಾನು ನೋಡಿದ್ದು ಮೈಮೇಲಿನ ಗುಳ್ಳೆಯನ್ನಲ್ಲ, ನೀರಿನ ಗುಳ್ಳೆಯನ್ನು.

ನಮ್ಮ ಪಕ್ಕದ ಮನೆಯ ಹುಡುಗಿಗೆ ಮೊನ್ನೆ ಸ್ಪ್ರೇ ಡಬ್ಬಿ ತುಂಬುವ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ‘ಅಜ್ಜಿ, ಅಲ್ಲಿ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು, ಒಸಿ ಹೇಳು’ ಎಂದು ಬಂದು ಕೂತಳು. ಅಜ್ಜಿ ಎಂದದ್ದು ನನಗೆ ಸೇರಲಿಲ್ಲ. ಅದನ್ನು ಬಿಟ್ಟು ಉಳಿದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಯಾರಿಗೆ ಬಡ್ತಿ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಪುರಾಣ ಇದರಲ್ಲಿಲ್ಲ. ನಮ್ಮಲ್ಲಿ ಬಡ್ತಿ ಎಂದರೆ ಸ್ಟೂಲಿನಿಂದ ಕುರ್ಚಿಗೆ ಬರುವುದು, ಅಷ್ಟೇ.

ನಮ್ಮ ಕಾರ್ಖಾನೆ ತಿಪಟೂರಿನ ಹೊರಗೆ, ನೊಣವಿನಕೆರೆ ಕಡೆಯ ರಸ್ತೆಯ ಬದಿಯಲ್ಲಿತ್ತು. ನಾನು ನೊಣವಿನಕೆರೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಮಾಲೀಕರು ಮಲ್ಲಿಕಾರ್ಜುನಪ್ಪನವರು, ಕೊಬ್ಬರಿ ಮಂಡಿಯ ಸಾವ್ಕಾರರು. ಅವರು ಬೊಂಬಾಯಿಗೆ ಕೊಬ್ಬರಿ ಲಾರಿಯ ಜೊತೆಗೆ ಹೋಗಿದ್ದಾಗ ಯಾರೋ ಅವರ ಕಂಕುಳಿಗೆ ಬುಸ್ ಎಂದು ಸೆಂಟು ಹೊಡೆದರಂತೆ. ಅವತ್ತೇ ಈ ಕಾರ್ಖಾನೆಯ ಯೋಚನೆ ಬಂತಂತೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಿಪಟೂರಿನ ಜನ ಕಂಕುಳಿಗೆ ಸೋಪು ಸಾಕು ಎಂದುಕೊಂಡಿದ್ದ ಕಾಲ ಅದು.

ಕೆಲಸ ಹೀಗೆ ನಡೆಯುತ್ತಿತ್ತು. ಖಾಲಿ ತಗಡಿನ ಡಬ್ಬಿಗೆ ಬಣ್ಣವನ್ನೋ ಸೆಂಟಿನ ನೀರನ್ನೋ ಸುರಿಯುತ್ತಾರೆ. ಮೇಲೆ ವಾಲ್ವು ಕೂರಿಸಿ, ಯಂತ್ರದಲ್ಲಿ ಕತ್ತು ಅದುಮಿ ಬಿಗಿ ಮಾಡುತ್ತಾರೆ. ಆ ಯಂತ್ರ ಅನ್ವರ್ ಸಾಬರದು. ಅವರು ಮೊದಲು ಊರೊಳಗೆ ಸ್ಕೂಟರ್ ರಿಪೇರಿ ಮಾಡುತ್ತಿದ್ದವರು. ಯಂತ್ರ ಸರಿಯಾಗಿ ನಡೆದರೆ ಅದರ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಕೆಟ್ಟರೆ ಉರ್ದುವಿನಲ್ಲಿ. ಅವರು ಯಾವ ಭಾಷೆಯಲ್ಲಿದ್ದಾರೆ ಎಂದು ಕೇಳಿಸಿಕೊಂಡೇ ನಾವು ಅವತ್ತು ಮನೆಗೆ ಎಷ್ಟು ಹೊತ್ತಿಗೆ ಹೋಗುತ್ತೇವೆ ಎಂದು ಲೆಕ್ಕ ಹಾಕುತ್ತಿದ್ದೆವು.

ಕತ್ತು ಬಿಗಿದ ಡಬ್ಬಿಗೆ ಒತ್ತಡದಲ್ಲಿ ಗ್ಯಾಸು ತುಂಬುತ್ತಾರೆ. ಗುಂಡಿ ಒತ್ತಿದಾಗ ಒಳಗಿದ್ದದ್ದನ್ನು ಆಚೆಗೆ ದಬ್ಬುವುದು ಈ ಗ್ಯಾಸೇ. ಕೊನೆಗೆ ಡಬ್ಬಿಗಳೆಲ್ಲ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿ ಏಳಬೇಕು. ಬಿಸಿಗೆ ಒಳಗಿನ ಗ್ಯಾಸು ಹಿಗ್ಗುತ್ತದೆ. ಎಲ್ಲಾದರೂ ಸೋರಿಕೆ ಇದ್ದರೆ ಗುಳ್ಳೆ ಏಳುತ್ತದೆ. ಆ ತೊಟ್ಟಿಯ ಪಕ್ಕದಲ್ಲಿ ಕೂತು, ಗುಳ್ಳೆ ಬಿಟ್ಟ ಡಬ್ಬಿಯನ್ನು ಇಕ್ಕಳದಲ್ಲಿ ಎತ್ತಿ ಆಚೆಗಿಡುವವಳು ನಾನು.

ಮೊದಲ ದಿನ ನಾನು ಎಲ್ಲ ಡಬ್ಬಿಯನ್ನೂ ಎತ್ತಿ ಆಚೆಗಿಟ್ಟೆ. ನೀರಿಗೆ ಬಿದ್ದ ಯಾವ ಡಬ್ಬಿಯೂ ನಾಲ್ಕು ಗುಳ್ಳೆ ಬಿಡದೆ ಮುಳುಗುವುದಿಲ್ಲವಲ್ಲ! ಮ್ಯಾನೇಜರ್ ವೆಂಕಟೇಶ್ ಸಾರ್ ಬಂದರು. ಬೆಂಗಳೂರಿನವರು, ರಸಾಯನಶಾಸ್ತ್ರ ಓದಿದವರು, ಎಂದೂ ದನಿ ಎತ್ತದವರು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ತೋರಿಸಿದರು. ‘ನೋಡಿ ಗೌರಮ್ಮ, ಡಬ್ಬಿಯ ಅಂಚಿಗೆ ಅಂಟಿಕೊಂಡು ಬಂದ ಗಾಳಿ ಒಂದು ಸಲ ಎದ್ದು ಹೋಗುತ್ತೆ. ಸೋರಿಕೆ ಗುಳ್ಳೆ ಹಾಗಲ್ಲ. ಅದು ಅದೇ ಜಾಗದಿಂದ ಮತ್ತೆ ಮತ್ತೆ ಬರುತ್ತೆ. ಅದೊಂದನ್ನೇ ನೋಡಿ.’ ನಾನು ಕಲಿತ ವಿದ್ಯೆಯೆಲ್ಲ ಇಷ್ಟೇ. ಅದೇ ಜಾಗದಿಂದ ಮತ್ತೆ ಮತ್ತೆ.

ಇದನ್ನು ಊರಿನವರಿಗೆ ತಿಳಿಸುವುದೇ ಕಷ್ಟವಾಯಿತು. ಬಸ್ಸಿನಲ್ಲಿ ಯಾರಾದರೂ ‘ಏನ್ ಕೆಲ್ಸ ಕಣವ್ವಾ?’ ಎಂದರೆ ‘ಗುಳ್ಳೆ ನೋಡ್ತೀನಿ’ ಎನ್ನುತ್ತಿದ್ದೆ. ಪಕ್ಕದ ಸೀಟಿನ ಅಜ್ಜ ಪಂಚೆ ಮೇಲೆತ್ತಿ ಮಂಡಿಯ ಹಿಂದಿನದನ್ನು ತೋರಿಸುತ್ತಿದ್ದ. ನನ್ನ ಮಗಳು ಶಾಲೆಯಲ್ಲಿ ‘ನಮ್ಮ ತಾಯಿ ಗುಳ್ಳೆ ನೋಡುತ್ತಾರೆ’ ಎಂದು ಬರೆದಳು. ಮಾರನೆಯ ಭಾನುವಾರ ಮೇಷ್ಟರು ತಮ್ಮ ಹೆಂಡತಿಯನ್ನು ಕರೆದುಕೊಂಡು ಮನೆಗೇ ಬಂದರು. ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆ? ಕೊಬ್ಬರಿ ಎಣ್ಣೆ ಹಚ್ಚಿ ಎಂದೆ. ಅದು ವಾಸಿಯೂ ಆಯಿತಂತೆ. ಆಮೇಲೆ ನನ್ನ ಪ್ರಾಕ್ಟೀಸು ಇನ್ನೂ ಜೋರಾಯಿತು.

ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಕಾಡಿದವರು ನಮ್ಮ ಸಾವ್ಕಾರರೇ. ಅವರ ಕುತ್ತಿಗೆಯ ಹಿಂದೆ ಆಗಾಗ ಒಂದು ಗುಳ್ಳೆ ಏಳುತ್ತಿತ್ತು. ತೊಟ್ಟಿಯ ಹತ್ತಿರ ಬಂದಾಗಲೆಲ್ಲ ಷರಟಿನ ಕಾಲರು ಜಗ್ಗಿ, ‘ಗುಳ್ಳೆ ಡಾಕ್ಟ್ರೇ, ಇದೊಂದು ನೋಡ್ಬುಡಮ್ಮ’ ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಯಜಮಾನರು ತಮಾಷೆ ಮಾಡಿದರೆ ನಗುವುದೂ ಸಂಬಳದೊಳಗೇ ಬರುತ್ತದೆ. ಹೊಸದಾಗಿ ಸೇರುವವರು ಇದನ್ನು ತಿಳಿದಿರಬೇಕು.

ಒಂದೆರಡು ವರ್ಷದ ಮೇಲೆ ದಂಡಿನಶಿವರದ ಕೆಂಪಮ್ಮ ಪ್ಯಾಕಿಂಗಿಗೆ ಸೇರಿದಳು. ಅಟ್ಟದ ತುಂಬ ಕಾಯಿ ಒಣಗಿಸುವ ಮನೆಯಲ್ಲಿ ಬೆಳೆದವಳು. ಅವಳು ಸೇರಿದಾಗ ಬಣ್ಣದ ಡಬ್ಬಿಗಳು ನಡೆಯುತ್ತಿದ್ದವು. ಬಣ್ಣ ಅಡಿಯಲ್ಲಿ ಗಟ್ಟಿಯಾಗದಿರಲಿ ಎಂದು ಆ ಡಬ್ಬಿಯೊಳಗೆ ಒಂದು ಗೋಲಿ ಹಾಕುತ್ತಾರೆ. ಹಾಕಲು ಮರೆತಿದ್ದರೆ ಗೊತ್ತಾಗಬೇಕಲ್ಲ, ಅದಕ್ಕೆ ‘ಅಲ್ಲಾಡಿಸಿ ನೋಡು, ಲೊಡಲೊಡ ಅಂದ್ರೆ ಪೆಟ್ಟಿಗೆಗೆ ಹಾಕು’ ಎಂದು ಹೇಳಿಕೊಟ್ಟಿದ್ದೆವು. ಅವಳಿಗೆ ಇದು ಹೊಸದೇ ಅಲ್ಲ. ಒಣಗಿದ ಕಾಯಿಯನ್ನು ಅಲ್ಲಾಡಿಸಿ, ಒಳಗೆ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಕೊಬ್ಬರಿ ಆಯಿತು, ನೀರು ಕುಲುಕಿದರೆ ಇನ್ನೂ ಆಗಿಲ್ಲ ಎಂದು ನಮ್ಮ ಕಡೆಯ ಮಕ್ಕಳೂ ಹೇಳುತ್ತವೆ.

ಮುಂದಿನ ವಾರ ರೂಮಿಗೆ ಹೊಡೆಯುವ ಮಲ್ಲಿಗೆ ಸೆಂಟಿನ ಸರದಿ. ಅದರಲ್ಲಿ ಗೋಲಿ ಇರುವುದಿಲ್ಲ. ಅದನ್ನು ಕೆಂಪಮ್ಮನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸಂಜೆ ಲಾರಿ ಬಂದು ನಿಂತರೆ ತುಂಬಲು ಒಂದು ಪೆಟ್ಟಿಗೆಯೂ ಇಲ್ಲ. ಡಬ್ಬಿಗಳೆಲ್ಲ ಗೋಡೆಯ ಪಕ್ಕ ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತಿವೆ.

‘ಒಂದೂ ಆಗಿಲ್ಲ ಕಣಕ್ಕ’ ಎಂದಳು ಕೆಂಪಮ್ಮ. ‘ಎಲ್ಲಾ ಬರೀ ನೀರು. ಇನ್ನೊಂದಾರು ತಿಂಗ್ಳು ಅಟ್ಟದ ಮ್ಯಾಲೆ ಬುಟ್ರೆ ಆಯ್ತದೇನೋ.’

ಗಲಾಟೆ ಕೇಳಿ ಸಾವ್ಕಾರರು ಬಂದರು. ಒಂದು ಡಬ್ಬಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮೂವತ್ತು ವರ್ಷ ಮಂಡಿಯಲ್ಲಿ ಕೂತ ಕಿವಿ ಅದು. ಮುಖ ಗಂಭೀರವಾಯಿತು. ‘ಹೌದಲ್ಲ, ನೀರು ಕುಲುಕ್ತೈತೆ! ಯಾರ್ಲಾ ಇದನ್ನ ಈಗ್ಲೇ ಇಳ್ಸಿದ್ದು?’ ಎಂದರು. ಆಮೇಲೆ ಕೈಯಲ್ಲಿದ್ದದ್ದನ್ನು ಇನ್ನೊಮ್ಮೆ ನೋಡಿ, ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಆಫೀಸಿನೊಳಕ್ಕೆ ಹೋದರು. ವೆಂಕಟೇಶ್ ಸಾರ್ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವರ ಭುಜ ಮಾತ್ರ ಕುಲುಕುತ್ತಿತ್ತು.

ಇನ್ನು ಗ್ಯಾಸಿನ ವಿಷಯ. ಮೊದಲು ನಾವು ತುಂಬುತ್ತಿದ್ದ ಗ್ಯಾಸು ಬೆಂಕಿ ತಗುಲಿದರೂ ಹೊತ್ತಿಕೊಳ್ಳುತ್ತಿರಲಿಲ್ಲ, ವಾಸನೆಯೂ ಇರಲಿಲ್ಲ, ಬಲು ಸಾಧು. ಆದರೆ ಅದು ಆಕಾಶಕ್ಕೆ ಹೋಗಿ ಅಲ್ಲಿನ ಪದರವನ್ನು ತೂತು ಮಾಡುತ್ತದಂತೆ, ಅದಕ್ಕೇ ನಿಲ್ಲಿಸಬೇಕಂತೆ ಎಂದು ಒಂದು ದಿನ ವೆಂಕಟೇಶ್ ಸಾರ್ ಹೇಳಿದರು.

‘ನಮ್ ತಿಪಟೂರಿಂದ ಅಷ್ಟು ಮ್ಯಾಕೆ ಹೋಯ್ತದಾ ಸಾರ್?’ ಎಂದು ಅನ್ವರ್ ಸಾಬರು ಕೇಳಿದರು. ಅವರ ದನಿಯಲ್ಲಿ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಅದರ ಬದಲಿಗೆ ಬಂದದ್ದು ಅಡುಗೆ ಮನೆಯ ಗ್ಯಾಸು. ಅದನ್ನು ಡಬ್ಬಿಗೆ ತುಂಬುವ ಹೊಸ ಯಂತ್ರ ಇಡಲು ಅಂಗಳದಾಚೆ ಬೇರೆಯೇ ಗ್ಯಾಸ್ ಮನೆ ಕಟ್ಟಿಸಿದರು. ಗಾಳಿ ಆಡಲೆಂದು ಸುತ್ತ ಗೋಡೆಯ ಬದಲು ತಂತಿ ಜಾಲರಿ. ಒಳಗೆ ಹೋಗುವವರು ನೈಲಾನ್ ಸೀರೆ ಉಡುವಂತಿಲ್ಲ, ಕಿಡಿ ಏಳುತ್ತದಂತೆ. ಮೊಳೆ ಹೊಡೆದ ಚಪ್ಪಲಿ ಮೆಟ್ಟುವಂತಿಲ್ಲ. ಬೀಡಿಯ ಮಾತಂತೂ ಎತ್ತುವಂತಿಲ್ಲ. ವೆಂಕಟೇಶ್ ಸಾರ್ ಕೆಂಪಕ್ಷರದಲ್ಲಿ ‘ಬೆಂಕಿ ನಿಷೇಧ’ ಎಂದು ಬೋರ್ಡು ಬರೆಸಿ ತೂಗುಹಾಕಿದರು.

ಹೊಸ ಗ್ಯಾಸಿನಲ್ಲಿ ತುಂಬಿದ ಮೊದಲ ಮಲ್ಲಿಗೆ ಸೆಂಟು ತುರುವೇಕೆರೆಗೆ ಹೋಯಿತು. ಅಲ್ಲಿ ಒಬ್ಬರ ಮನೆಗೆ ಬೀಗರು ಬಂದಿದ್ದರಂತೆ. ಮನೆಯಾಕೆ ಸಡಗರದಿಂದ ನಡುಮನೆಗೆಲ್ಲ ಬುಸ್ ಬುಸ್ ಎಂದು ಹೊಡೆದಿದ್ದಾಳೆ. ಮಲ್ಲಿಗೆಯ ಹಿಂದೆಯೇ ಗ್ಯಾಸಿನ ಗಬ್ಬು ವಾಸನೆ! ‘ಸಿಲಿಂಡ್ರು ಸೋರ್ತೈತೆ ಕಣ್ರೀ’ ಎಂದು ಯಾರೋ ಕೂಗಿದ್ದಾರೆ. ಬೀಗರು ಎಲೆಯ ಮುಂದಿಂದ ಎದ್ದು, ಎಂಜಲು ಕೈಯಲ್ಲೇ ಬೀದಿಗೆ ಓಡಿದ್ದಾರೆ. ಅಂಗಡಿಯವರು ಡಬ್ಬಿಗಳನ್ನೆಲ್ಲ ವಾಪಸ್ಸು ಕಳಿಸಿ, ‘ಮಲ್ಲಿಗೇನಾದ್ರೂ ಕೊಡಿ, ಗ್ಯಾಸಾದ್ರೂ ಕೊಡಿ, ಎರಡೂ ಒಟ್ಟಿಗೆ ಬ್ಯಾಡ’ ಎಂದರು.

ಸೋರಿಕೆ ಗೊತ್ತಾಗಲೆಂದೇ ಅಡುಗೆ ಗ್ಯಾಸಿಗೆ ಆ ಕೆಟ್ಟ ವಾಸನೆ ಬೆರೆಸುತ್ತಾರಂತೆ. ನಾವು ಅದನ್ನು ತೆಗೆಯಬೇಕಾಯಿತು. ಎತ್ತರದ ಕಬ್ಬಿಣದ ಕೊಳವೆಯೊಂದು ಬಂತು. ಅದರೊಳಗೆ ಹಾದು ಬಂದ ಗ್ಯಾಸಿಗೆ ವಾಸನೆ ಇರುತ್ತಿರಲಿಲ್ಲ. ಅವತ್ತು ವೆಂಕಟೇಶ್ ಸಾರ್ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದರು: ‘ಇನ್ನು ಮೇಲೆ ಸೋರಿದರೆ ನಿಮ್ಮ ಮೂಗಿಗೆ ಗೊತ್ತಾಗಲ್ಲ. ಗ್ಯಾಸು ನೆಲದ ಮೇಲೆ ತೆವಳಿಕೊಂಡು ಬಂದು ಸುಮ್ಮನೆ ಕೂತಿರುತ್ತೆ. ಒಂದು ಕಿಡಿ ಸಾಕು.’ ಅವರು ದನಿ ಎತ್ತಲಿಲ್ಲ, ಅದಕ್ಕೇ ನಮಗೆ ಹೆಚ್ಚು ಭಯವಾಯಿತು.

ಸಾವ್ಕಾರರಿಗೆ ಮಾತ್ರ ಭಯವಾಗಲಿಲ್ಲ. ಬೇರೆ ಯಾವುದೋ ಕಾರ್ಖಾನೆ ನೋಡಿ ಬಂದವರು, ‘ಅಲ್ಲಿ ಡಬ್ಬಿ ಹೆಂಗ್ ಓಡ್ತಾವೆ ಗೊತ್ತಾ? ನಮ್ಮಲ್ಲಿ ಎಲ್ಲಾ ಆ ತೊಟ್ಟಿ ತಾವ ಬಂದು ನಿಂತ್ಕೊತಾವೆ’ ಎಂದು ಗೊಣಗತೊಡಗಿದರು. ಕೊನೆಗೆ ನನ್ನ ಎದುರಿಗೇ ಹೇಳಿದರು: ‘ಆಯುಧಪೂಜೆ ಆಗ್ಲಿ ಗೌರಮ್ಮ. ಆಮ್ಯಾಕೆ ತೊಟ್ಟಿ ತೆಗ್ಸ್‌ಬುಡ್ತೀನಿ. ನೂರಕ್ಕೊಂದು ಡಬ್ಬಿ ನೋಡಿದ್ರೆ ಸಾಕು. ನಿಂಗೆ ಬೇರೆ ಏನಾದ್ರೂ ನೋಡಾನ.’

ಬೇರೆ ಏನೂ ಇಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪ್ಯಾಕಿಂಗಿನಲ್ಲಿ ಆಗಲೇ ಜನ ಹೆಚ್ಚಾಗಿದ್ದರು. ವೆಂಕಟೇಶ್ ಸಾರ್ ಒಳಗೆ ಹೋಗಿ ಬಹಳ ಹೊತ್ತು ವಾದ ಮಾಡಿ ಬಂದರು. ಏನಾಯಿತು ಎಂದು ಕೇಳಲಿಲ್ಲ, ಮುಖವೇ ಹೇಳುತ್ತಿತ್ತು. ನನಗೆ ಸಂಕಟವಾಯಿತು. ಆ ತೊಟ್ಟಿಯನ್ನು ನಾನು ಬೈದುಕೊಂಡದ್ದು ಎಷ್ಟೋ ಸಲ. ಆವಿಗೆ ಕಣ್ಣು ಉರಿಯುತ್ತಿತ್ತು, ಬೇಸಿಗೆಯಲ್ಲಿ ಮೈ ಬೇಯುತ್ತಿತ್ತು. ಆದರೂ ಅದು ನನ್ನದು. ಮನೆಯಲ್ಲಿ ನಮ್ಮವರ ಬೆನ್ನು ಕೆಟ್ಟು ತೋಟದ ಕೆಲಸ ಬಿಟ್ಟಿದ್ದರು, ಮಗಳು ಇನ್ನೂ ಓದುತ್ತಿದ್ದಳು. ಈ ಕೆಲಸ ಹೋದರೆ ಮುಂದೇನು ಎಂದು ಆ ವಾರವೆಲ್ಲ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಗುಳ್ಳೆ ತೋರಿಸಲು ಬಂದವರನ್ನೂ ಗದರಿಸಿ ಕಳಿಸಿದೆ.

ಆಯುಧಪೂಜೆ ಬಂತು. ಹಳೆಯ ಗ್ಯಾಸಿನ ಕಾಲದಲ್ಲಿ ಪ್ರತಿ ಯಂತ್ರದ ಮುಂದೂ ಕರ್ಪೂರ ಹಚ್ಚಿ ಆರತಿ ಎತ್ತುವುದು ನಡೆದು ಬಂದಿತ್ತು. ಈ ಸಲ ಗ್ಯಾಸ್ ಮನೆಯ ಹತ್ತಿರ ಮಾತ್ರ ಬೇಡ ಎಂದು ವೆಂಕಟೇಶ್ ಸಾರ್ ಹಿಂದಿನ ದಿನವೇ ಸಾವ್ಕಾರರನ್ನು ಬೇಡಿಕೊಂಡರು. ‘ಅಲ್ಲ ಕಣ್ರೀ, ಹೊಸಾ ಮಷಿನ್ನು, ಅದಕ್ಕೇ ಪೂಜೆ ಇಲ್ಲ ಅಂದ್ರೆ ಹೆಂಗೆ?’ ಎಂದರು ಸಾವ್ಕಾರರು. ಬೋರ್ಡು ತೋರಿಸಿದರೆ, ‘ಅದು ಬೀಡಿ ಸೇದೋರಿಗೆ. ಕರ್ಪೂರ ಬೆಂಕಿ ಹೆಂಗಾಯ್ತದೆ? ಅದು ದೇವ್ರು’ ಎಂದರು. ಪೂಜೆಯ ದಿನ ವೆಂಕಟೇಶ್ ಸಾರ್ ಗೇಟಿನ ಆಚೆ, ರಸ್ತೆಯ ಆ ಬದಿಗೆ ಹೋಗಿ ನಿಂತುಬಿಟ್ಟರು. ಕಡ್ಲೆಪುರಿಗೂ ಬರಲಿಲ್ಲ.

ನಾವು ಹೆಂಗಸರು ಬೆಳಗಿನಿಂದ ಯಂತ್ರಗಳನ್ನೆಲ್ಲ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದೆವು. ಎಲ್ಲಕ್ಕಿಂತ ದೊಡ್ಡ ಹಾರ ಅನ್ವರ್ ಸಾಬರ ಯಂತ್ರಕ್ಕೆ, ಅವರೇ ತಂದದ್ದು. ಗ್ಯಾಸ್ ಮನೆಯ ಅಲಂಕಾರ ಕೆಂಪಮ್ಮನಿಗೆ ಬಿಟ್ಟಿತ್ತು. ಬರೀ ಜಾಲರಿ ಬೋಳು ಬೋಳಾಗಿ ಕಾಣುತ್ತದೆ ಎಂದು ಅವಳು ಮನೆಯಿಂದ ಸೀರೆಗಳನ್ನು ತಂದು ಸುತ್ತಲೂ ಕಟ್ಟಿದ್ದಳು. ನೋಡಲು ಲಕ್ಷಣವಾಗಿತ್ತು. ಗಾಳಿ ಆಡಲು ಬಿಟ್ಟ ಜಾಗವನ್ನೆಲ್ಲ ಸೀರೆ ಮುಚ್ಚಿದೆ ಎಂದು ನಮಗೆ ಯಾರಿಗೂ ತೋಚಲಿಲ್ಲ.

ಒಳಗೆ ಉಳಿದ ಯಂತ್ರಗಳ ಮುಂದೆ ಪೂಜೆ ಶುರುವಾಗಿ ಗಂಟೆ ಮೊಳಗತೊಡಗಿತು. ಕೆಂಪಮ್ಮ ಇನ್ನೂ ಬಂದಿರಲಿಲ್ಲ. ಕರೆಯಲು ಹೋದೆ. ಅವಳು ಗ್ಯಾಸಿನ ಪೈಪಿಗೆ ನೊರೆ ಬಳಿದು ತಿಕ್ಕುತ್ತಿದ್ದಳು, ಪಕ್ಕದಲ್ಲಿ ಸೋಪಿನ ನೀರಿನ ಬಕೆಟ್ಟು. ‘ಬಾರೇ, ಆರತಿ ಬತ್ತಾ ಐತೆ’ ಎನ್ನುತ್ತ ಬಗ್ಗಿದ ನನ್ನ ಕಣ್ಣು ಪೈಪಿನ ಜಾಯಿಂಟಿನ ಮೇಲೆ ನಿಂತಿತು.

ಅಲ್ಲಿ ನೊರೆಯೊಳಗೆ ಒಂದು ಗುಳ್ಳೆ ಎದ್ದು ಒಡೆಯಿತು. ಹಿಂದೆಯೇ ಇನ್ನೊಂದು. ಅದೂ ಊದಿ ಒಡೆಯಿತು. ಮತ್ತೆ ಇನ್ನೊಂದು.

ಅದೇ ಜಾಗದಿಂದ, ಮತ್ತೆ ಮತ್ತೆ.

ಮೂಗು ಎಳೆದು ನೋಡಿದೆ. ಚೆಂಡುಹೂವಿನ ವಾಸನೆ ಬಿಟ್ಟು ಏನೂ ಇಲ್ಲ. ತಿರುಗಿ ನೋಡಿದರೆ ಸಾವ್ಕಾರರು ರೇಷ್ಮೆ ಪಂಚೆ ಉಟ್ಟು, ತಟ್ಟೆಯಲ್ಲಿ ಕರ್ಪೂರ ಧಗಧಗ ಉರಿಯುತ್ತಿರುವಂತೆ ಅಂಗಳ ದಾಟಿ ಬರುತ್ತಿದ್ದಾರೆ. ಹಿಂದೆ ಎಲ್ಲರೂ. ನಾನು ಓಡಿ ಎದುರಿಗೆ ಹೋಗಿ ಕೈ ಅಡ್ಡ ಹಿಡಿದು ಕೂಗಿದೆ: ‘ಸಾವ್ಕಾರ್ರೇ, ನಿಲ್ರಿ! ಗುಳ್ಳೆ! ಗುಳ್ಳೆ ಐತೆ!’

ಗ್ಯಾಸು ಸೋರುತ್ತಿದೆ ಎಂದು ನೆಟ್ಟಗೆ ಹೇಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ವರ್ಷಗಟ್ಟಲೆ ಒಂದೇ ಮಾತು ಆಡಿದ ಬಾಯಿಗೆ ಆ ಗಳಿಗೆಯಲ್ಲಿ ಬೇರೆ ಮಾತು ಬರಲಿಲ್ಲ.

ಸಾವ್ಕಾರರು ನಕ್ಕರು. ‘ಗೊತ್ತು ಕಣಮ್ಮ, ಔಷ್ದಿ ಹಚ್ಚಿವ್ನಿ. ಹಬ್ಬದ ದಿನ ಒಂದಾದ್ರೂ ನನ್ ಕುತ್ತಿಗೆ ಬುಟ್ಬುಡು’ ಎಂದರು. ಹಿಂದಿದ್ದವರೆಲ್ಲ ಹೋ ಎಂದು ನಕ್ಕರು. ಅವರು ನನ್ನನ್ನು ಬಳಸಿಕೊಂಡು ಮುಂದೆ ನಡೆದರು.

ಕೆಂಪಮ್ಮನ ಬಕೆಟ್ಟು ಕೈಗೆ ಹೇಗೆ ಬಂತೋ ತಿಳಿಯದು. ಅಷ್ಟೂ ಸೋಪಿನ ನೀರನ್ನು ಆರತಿಯ ಮೇಲೆ, ರೇಷ್ಮೆಯ ಮೇಲೆ, ಸಾವ್ಕಾರರ ತಲೆಯಿಂದ ಕಾಲಿನವರೆಗೆ ಹುಯ್ದುಬಿಟ್ಟೆ. ತಟ್ಟೆ ಠಣ್ ಎಂದು ಬಿತ್ತು. ಕರ್ಪೂರ ಆರಿತು. ಗಂಟೆ ನಿಂತಿತು.

ಆಯುಧಪೂಜೆಯ ದಿನ ಮಂಗಳಾರತಿಗೆ ನೀರು ಹುಯ್ದವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ನನ್ನ ಕೆಲಸ ಹೋಯಿತು ಎಂದು ಆ ಕ್ಷಣಕ್ಕೇ ಗೊತ್ತಾಯಿತು. ತೊಟ್ಟಿ ತೆಗೆಸುವವರೆಗೂ ಕಾಯಬೇಕಿಲ್ಲ.

‘ಆರ್ಸ್‌ಬುಟ್ಯಲ್ಲಮ್ಮ...’ ಎಂದರು ಸಾವ್ಕಾರರು. ಸಿಟ್ಟಿನಿಂದಲ್ಲ, ಮಗುವಿನ ಹಾಗೆ.

ನಾನು ಪೈಪಿನ ಕಡೆ ಕೈ ತೋರಿಸಿದೆ. ಅನ್ವರ್ ಸಾಬರು ಓಡಿ ಹೋಗಿ ಬಗ್ಗಿ ನೋಡಿದರು, ಕೂಡಲೇ ಉರ್ದುವಿನಲ್ಲಿ ಶುರು ಮಾಡಿದರು. ನಗುತ್ತಿದ್ದವರ ಮುಖವೆಲ್ಲ ಬಿಳಿಚಿಕೊಂಡಿತು. ಸಾಬರು ಗ್ಯಾಸು ಬರುವ ದೊಡ್ಡ ವಾಲ್ವನ್ನು ತಿರುಗಿಸಿ ಮುಚ್ಚಿ, ಸೀರೆಗಳನ್ನು ಕಿತ್ತು ಎಸೆದರು. ಗೇಟಿನಾಚೆ ನಿಂತಿದ್ದ ವೆಂಕಟೇಶ್ ಸಾರ್ ಓಡಿ ಬಂದರು. ಅವರು ಓಡಿದ್ದನ್ನು ನಾವು ನೋಡಿದ್ದು ಅದೇ ಮೊದಲು. ಸಾವ್ಕಾರರು ಒದ್ದೆ ಪಂಚೆಯಲ್ಲೇ ಹೋಗಿ ಪೈಪಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಪೈಪಿನಲ್ಲಿ ಉಳಿದಿದ್ದ ಗ್ಯಾಸಿಗೆ ಕೊನೆಯ ಗುಳ್ಳೆಯೊಂದು ಮಲ್ಲಿಗೆ ಮೊಗ್ಗಿನಷ್ಟು ಊದಿ, ಅವರ ಕಣ್ಣೆದುರಿಗೇ ಪಟ್ಟನೆ ಒಡೆಯಿತು.

ಬಹಳ ಹೊತ್ತು ಅವರು ಏಳಲಿಲ್ಲ. ಮೀಸೆಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಬಿದ್ದಿದ್ದ ತಟ್ಟೆಯನ್ನು ನೋಡಿದರು, ಹಿಂದೆ ನಿಂತಿದ್ದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ಗೌರಮ್ಮ, ಇನ್ ಮ್ಯಾಲೆ ಯಾವ್ ಗುಳ್ಳೆ ಅಂತ ಮೊದ್ಲು ಹೇಳ್ಬುಟ್ಟು, ಆಮ್ಯಾಕೆ ನೀರು ಹುಯ್ಯಮ್ಮ.’

ಎಲ್ಲರೂ ನಕ್ಕರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಪೂಜೆ ಅರ್ಧಕ್ಕೆ ನಿಂತಿತ್ತಲ್ಲ, ಅದನ್ನು ಮುಗಿಸಿದವಳು ಕೆಂಪಮ್ಮ. ಸಾವ್ಕಾರರ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು, ಅರಿಶಿನದ ನೀರಿಗೆ ಕದಡಿ, ಕೆಂಪಗೆ ಓಕುಳಿ ಮಾಡಿ ತಟ್ಟೆಯಲ್ಲಿ ಹಿಡಿದು ತಂದಳು. ‘ಮದುಮಕ್ಕಳಿಗೆ ದೃಷ್ಟಿ ತೆಗೀತೀವಲ್ಲ, ಹಂಗೇ ಇದಕ್ಕೂ ತೆಗ್ದುಬುಡಾನ’ ಎಂದಳು. ವೆಂಕಟೇಶ್ ಸಾರ್ ತಟ್ಟೆಯೊಳಗೆ ಇಣುಕಿ, ಬತ್ತಿ ಇಲ್ಲವೆಂದು ನೋಡಿಕೊಂಡು, ಆಗ ಕೈಮುಗಿದರು. ಗ್ಯಾಸ್ ಮನೆಗೆ ಅಂದಿನಿಂದ ಓಕುಳಿ ಆರತಿಯೇ ಆಯಿತು. ಪ್ರತಿ ವರ್ಷ ಆ ಆರತಿಗೆ ಮೊದಲು ಸಾವ್ಕಾರರು ನನ್ನನ್ನು ಮುಂದೆ ಕರೆದು, ‘ಗುಳ್ಳೆ ನೋಡಮ್ಮ’ ಎನ್ನುತ್ತಿದ್ದರು. ನಾನು ಪೈಪಿಗೆಲ್ಲ ಸೋಪಿನ ನೊರೆ ಬಳಿದು ನೋಡಿ ‘ಇಲ್ಲ’ ಎಂದ ಮೇಲೇ ಗಂಟೆ ಬಾರಿಸುವುದು. ತೊಟ್ಟಿ ತೆಗೆಸುವ ಮಾತು ಮತ್ತೆ ಬರಲಿಲ್ಲ. ಅವರು ತಮ್ಮ ಕಾಲರು ಜಗ್ಗುವುದೂ ನಿಂತಿತು. ಅದಕ್ಕೆ ನನಗೆ ಸ್ವಲ್ಪ ಬೇಜಾರೇ ಆಯಿತು.

ಆದ್ದರಿಂದ, ಹೊಸದಾಗಿ ಸೇರುವ ಹುಡುಗಿಗೆ ನಾನು ಹೇಳುವುದು ಇಷ್ಟು. ಹತ್ತಿ ಸೀರೆ ಉಡು. ನಿನ್ನ ಕೆಲಸವನ್ನು ಯಾರಾದರೂ ಆಡಿಕೊಂಡರೆ ನೀನೂ ನಗು, ಆದರೆ ಕಣ್ಣು ಮಾತ್ರ ತೊಟ್ಟಿಯ ಮೇಲಿರಲಿ.

ನಿವೃತ್ತಳಾಗಿ ಎಷ್ಟೋ ಕಾಲವಾಯಿತು. ಈಗಲೂ ನೊಣವಿನಕೆರೆಯ ಬಸ್ಸಿನಲ್ಲಿ ಯಾರಾದರೂ ‘ಏನ್ ಕೆಲ್ಸ ಮಾಡ್ತಿದ್ರಿ?’ ಎಂದರೆ ‘ಗುಳ್ಳೆ ನೋಡ್ತಿದ್ದೆ’ ಎಂದೇ ಹೇಳುತ್ತೇನೆ. ಕೆಲವರು ತೋಳು ಮುಂದೆ ಚಾಚುತ್ತಾರೆ. ನಾನು ಈಗ ಗದರಿಸುವುದಿಲ್ಲ. ಕನ್ನಡಕ ಏರಿಸಿ, ಚೆನ್ನಾಗಿ ನೋಡಿ, ‘ಅದೇ ಜಾಗ್ದಾಗೆ ಮತ್ತೆ ಮತ್ತೆ ಬತ್ತೈತಾ?’ ಎಂದು ಕೇಳುತ್ತೇನೆ.

‘ಹೂಂ ಕಣವ್ವ’ ಎಂದರೆ, ‘ಹಂಗಾದ್ರೆ ತಡ ಮಾಡ್ಬ್ಯಾಡಿ, ಇವತ್ತೇ ಡಾಕ್ಟ್ರಿಗೆ ತೋರ್ಸಿ’ ಎನ್ನುತ್ತೇನೆ.